ಹಿಂದಿನ ಗಾಜಿನ ಮಂಜು, ಡಿಕ್ಕಿಯ ಒದ್ದೆ ಗೋಣಿ

ಪ್ರಶ್ನೆ: ಚಳಿಗಾಲದಲ್ಲಿ ವಾರಕ್ಕೆರಡು ಸಲ ಬೆಳಗಿನ ಐದೂವರೆಗೆ ಶಿರಸಿಯಿಂದ ಹೊರಟು, ದೇವಿಮನೆ ಘಟ್ಟ ಇಳಿದು ಕುಮಟಾದ ಹೋಟೆಲಿಗೆ ಬಾಳೆ ಎಲೆ ಕೊಟ್ಟು ಬರುತ್ತೇನೆ. ಎಲೆ ಬಾಡದ ಹಾಗೆ ಒದ್ದೆ ಗೋಣಿಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ಇಡುತ್ತೇನೆ. ದಾರಿಯುದ್ದಕ್ಕೂ ಹಿಂದಿನ ಗಾಜು ಮಂಜು ಮಂಜು. ಮಂಜು ತೆಗೆಯುವ ಡಿಫಾಗರ್ ಗುಂಡಿ ಒತ್ತಿದರೆ ಗಾಳಿಯೇ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ಅದರ ದೀಪವೂ ಆರುತ್ತದೆ. ಕೆಟ್ಟಿದೆಯಾ?
— ಓದುಗರು, ಶಿರಸಿ

ಉತ್ತರ: ಕೆಟ್ಟಿಲ್ಲ. ಹಿಂದಿನ ಗಾಜಿಗೆ ಗಾಳಿ ಬರುವ ವ್ಯವಸ್ಥೆಯೇ ಇಲ್ಲ. ಗಾಜಿನ ಒಳಮೈಯಲ್ಲಿ ಅಡ್ಡಡ್ಡ ಸಣ್ಣ ಗೆರೆಗಳಿವೆ ಅಲ್ವಾ, ಅವು ಬೆಳ್ಳಿ ಬೆರೆತ ಲೇಪದ ಗೆರೆಗಳು. ಕರೆಂಟ್ ಹರಿದರೆ ಬೆಚ್ಚಗಾಗುತ್ತವೆ, ಗಾಜು ಬಿಸಿಯಾಗಿ ನೀರು ಆರುತ್ತದೆ. ಗಾಳಿ ಬರುವುದು ಮುಂದಿನ ಗಾಜಿಗೆ. ಆ ಗುಂಡಿಯ ಮೇಲೆ ಬೀಸಣಿಗೆ ಆಕಾರದ ಚಿತ್ರ ಇರುತ್ತದೆ, ಹಿಂದಿನದಕ್ಕೆ ಆಯತದ ಚಿತ್ರ. ದೀಪ ಆರುವುದೂ ಸರಿಯೇ. ಈ ಗೆರೆಗಳು ಸುಮಾರು 10ರಿಂದ 20 ಆಂಪಿಯರ್ ಎಳೆಯುತ್ತವೆ, ಅಂದರೆ ಎರಡು ಹ್ಯಾಲೊಜೆನ್ ಹೆಡ್‌ಲೈಟ್‌ಗಿಂತ ಜಾಸ್ತಿ. ಅದಕ್ಕೇ ಎಷ್ಟೋ ಕಾರುಗಳಲ್ಲಿ 10–15 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಬೇಕಾದರೆ ಮತ್ತೆ ಒತ್ತಿ, ತೊಂದರೆ ಇಲ್ಲ. ಇಂಜಿನ್ ಮಾತ್ರ ಚಾಲೂ ಇರಲಿ.

ಆದರೆ ನಿಮ್ಮ ನಿಜವಾದ ತೊಂದರೆ ಆ ಗೋಣಿ. ಡಿಫಾಗರ್ ಗಾಜನ್ನು ಒಣಗಿಸುತ್ತದೆ, ಕಾರಿನೊಳಗಿನ ನೀರನ್ನು ಹೊರಗೆ ಹಾಕುವುದಿಲ್ಲ. ಗಾಜಿನಿಂದ ಎದ್ದ ಹಬೆ ಒಳಗೇ ಸುತ್ತುತ್ತದೆ, ಗೆರೆ ಆರಿದ ಐದು ನಿಮಿಷಕ್ಕೆ ತಣ್ಣಗಿನ ಗಾಜು ಹುಡುಕಿಕೊಂಡು ಮತ್ತೆ ಅಲ್ಲೇ ಬಂದು ಕೂರುತ್ತದೆ. ಅದರಲ್ಲೂ ಹ್ಯಾಚ್‌ಬ್ಯಾಕ್ ಆದರೆ ಗೋಣಿ ಇರುವುದು ಸರಿಯಾಗಿ ಗಾಜಿನ ಕೆಳಗೇ. ಎಲೆಯನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ, ಇಲ್ಲವೇ ಗೋಣಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿ. ಕಾಲಡಿಯ ಮ್ಯಾಟ್ ಎತ್ತಿ ಒಮ್ಮೆ ಕೈಯಿಟ್ಟು ನೋಡಿ. ಮಳೆಗಾಲದ ನೀರು ಅದರ ಕೆಳಗೆ ಇನ್ನೂ ಕೂತಿದ್ದರೆ ಎರಡು ದಿನ ಬಿಸಿಲಿಗೆ ಹಾಕಿ.

ಆಮೇಲೆ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಇರುತ್ತದಲ್ಲ, ಕಾರಿನ ಚಿತ್ರದೊಳಗೆ ಬಾಣ ಸುತ್ತುವುದು, ಧೂಳು ಬರುತ್ತದೆಂದು ನಮ್ಮಲ್ಲಿ ತುಂಬಾ ಜನ ಅದನ್ನು ವರ್ಷಪೂರ್ತಿ ಹಾಕಿಯೇ ಇಡುತ್ತಾರೆ. ಚಳಿಗಾಲದ ಬೆಳಿಗ್ಗೆ ಅದನ್ನು ತೆಗೆಯಿರಿ. ಹೊರಗಿನ ಗಾಳಿ ಬರಲಿ, ಎ.ಸಿ. ಹಾಕಿ, ಉಷ್ಣತೆಯ ತಿರುಗಣೆಯನ್ನು ಕೆಂಪು ಕಡೆಗೆ ತಿರುಗಿಸಿ. ಚಳಿಯಲ್ಲಿ ಎ.ಸಿ. ಯಾಕೆ ಅಂತ ಕೇಳಬೇಡಿ! ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದು ಕಾರಿನ ಕೆಳಗೆ ಸೋರಿಹೋಗುತ್ತದೆ, ಒಣಗಿದ ಗಾಳಿಯನ್ನು ಹೀಟರ್ ಬೆಚ್ಚಗೆ ಮಾಡಿ ಒಳಗೆ ಕಳಿಸುತ್ತದೆ. ಹೀಗೆ ನೀರನ್ನು ತೆಗೆಯುವ ಕೆಲಸ ಎ.ಸಿ.ಗೆ, ಗಾಜು ಬಿಸಿ ಮಾಡುವ ಕೆಲಸ ಡಿಫಾಗರ್‌ಗೆ.

ಘಟ್ಟ ಇಳಿದು ಕತಗಾಲ ಹತ್ತಿರ ಬಂದ ಮೇಲೆ ಇನ್ನೊಂದು ಸಂಗತಿ ಗಮನಿಸಿ. ಮೇಲಿನ ಚಳಿಯಲ್ಲಿ ತಣ್ಣಗಾದ ಗಾಜಿಗೆ ಕರಾವಳಿಯ ಬೆಚ್ಚಗಿನ ಒದ್ದೆ ಗಾಳಿ ತಾಗಿದಾಗ ಮಂಜು ಹೊರಗಿನಿಂದಲೂ ಕಟ್ಟಬಹುದು. ಗಾಡಿ ನಿಲ್ಲಿಸಿ ಒಳಗಿನಿಂದ ಬೆರಳಲ್ಲಿ ಗೀರಿ ನೋಡಿ. ಗೆರೆ ಮೂಡದಿದ್ದರೆ ಅದು ಹೊರಗಿನದು. ಆಗ ಹಿಂದಿನ ವೈಪರ್ ಎರಡು ಸಲ ಆಡಿಸಿ, ವೈಪರ್ ಇಲ್ಲದಿದ್ದರೆ ಬಟ್ಟೆಯಲ್ಲಿ ಒರೆಸಿ, ಜೊತೆಗೆ ಡಿಫಾಗರ್ ಹಾಕಿ. ಗಾಜು ಬೆಚ್ಚಗಾದರೆ ಮತ್ತೆ ಕಟ್ಟುವುದಿಲ್ಲ.

ಪ್ರಶ್ನೆ: ಹಳೆಯ ಸನ್ ಫಿಲ್ಮ್ ತೆಗೆಸಿದ ಮೇಲೆ ಹಿಂದಿನ ಗಾಜಿನ ನಡುವೆ ಎರಡು ಪಟ್ಟಿ ಮಂಜು ಹಾಗೇ ಉಳಿಯುತ್ತದೆ. ಗಾಜೇ ಬದಲಿಸಬೇಕು ಅನ್ನುತ್ತಾರೆ. ನಿಜವೇ?
— ಓದುಗರು, ಕಾರವಾರ

ಉತ್ತರ: ಬೇಡ, ಅವಸರ ಮಾಡಬೇಡಿ. ನನ್ನ ಕಾರಿಗೂ ಇದೇ ಆಯಿತು. ಅಂಗಡಿಯ ಹುಡುಗ ಫಿಲ್ಮಿನ ಅಂಟು ತೆಗೆಯಲು ಬ್ಲೇಡ್ ಹಿಡಿದು ಮೇಲಿಂದ ಕೆಳಕ್ಕೆ ಎಳೆದ. ಕೂದಲೆಳೆಯಷ್ಟು ಗೀರು, ಮೂರು ಗೆರೆ ಸತ್ತವು. ಮನಸ್ಸಿಗೆ ಬಹಳ ಬೇಜಾರಾಗಿತ್ತು. ಆದರೆ ಪ್ರತಿ ಗೆರೆಗೂ ಕರೆಂಟ್ ಬೇರೆಬೇರೆಯಾಗಿ ಹೋಗುವುದರಿಂದ ಉಳಿದವು ಕೆಲಸ ಮಾಡುತ್ತಲೇ ಇರುತ್ತವೆ.

ತುಂಡಾದ ಜಾಗ ಹುಡುಕುವುದು ಕಷ್ಟವಲ್ಲ. ಇಂಜಿನ್ ಚಾಲೂ ಮಾಡಿ, ಡಿಫಾಗರ್ ಹಾಕಿ. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿ ಕಾರಿನ ಬಾಡಿಯ ಲೋಹಕ್ಕೆ, ಕೆಂಪು ಕಡ್ಡಿ ಗೆರೆಯ ಮೇಲೆ. ಮೆಲ್ಲಗೆ ಸರಿಸುತ್ತಾ ಹೋಗಿ. ಚೆನ್ನಾಗಿರುವ ಗೆರೆಯಲ್ಲಿ ಒಂದು ತುದಿಗೆ ಸುಮಾರು 12 ವೋಲ್ಟ್, ನಡುವೆ 6, ಆಚೆ ತುದಿಗೆ ಸೊನ್ನೆಯ ಹತ್ತಿರ, ಹೀಗೆ ಹಂತಹಂತವಾಗಿ ಇಳಿಯುತ್ತದೆ. ತುಂಡಾದ ಗೆರೆಯಲ್ಲಿ 12 ಹಾಗೇ ಇದ್ದು, ಒಂದು ಕಡೆ ತಟ್ಟನೆ ಸೊನ್ನೆಗೆ ಬೀಳುತ್ತದೆ. ಅದೇ ಜಾಗ. ಆಫ್ ಮಾಡಿ, ಚೆನ್ನಾಗಿ ಒರೆಸಿ, ಗೆರೆಯನ್ನು ಬಿಟ್ಟು ಅದರ ಮೇಲ್ಬದಿಗೂ ಕೆಳಬದಿಗೂ ಟೇಪ್ ಅಂಟಿಸಿ, ತುಂಡಾದ ಕಡೆ ಕರೆಂಟ್ ಹರಿಯುವ ಬೆಳ್ಳಿ ಪೇಂಟ್ ತೆಳ್ಳಗೆ ಹಚ್ಚಿ. ಸಣ್ಣ ಶೀಶೆಯಲ್ಲಿ ಸಿಗುತ್ತದೆ. ಪೂರ್ತಿ ಒಣಗುವ ತನಕ ಗುಂಡಿ ಮುಟ್ಟಬೇಡಿ.

ಒಂದೂ ಗೆರೆ ಬೆಚ್ಚಗಾಗದಿದ್ದರೆ ಮೊದಲು ಫ್ಯೂಸ್ ನೋಡಿ. ಆಮೇಲೆ ಗಾಜಿನ ಎರಡೂ ಪಕ್ಕದಲ್ಲಿ ವೈರ್ ಸಿಕ್ಕಿಸುವ ಕೊಂಡಿ. ಕಡಲ ಬದಿ ಉಪ್ಪು ಗಾಳಿ, ಕೊಂಡಿ ಹಸಿರುಗಟ್ಟಿದ್ದರೆ ಕರೆಂಟ್ ಹೋಗುವುದಿಲ್ಲ.

ಇನ್ನು ಮುಂದೆ ಗಾಜನ್ನು ಗೆರೆಯ ಉದ್ದಕ್ಕೇ ಒರೆಸಿ, ಎಡದಿಂದ ಬಲಕ್ಕೆ, ಮೆತ್ತಗಿನ ಬಟ್ಟೆಯಲ್ಲಿ. ದೇವರ ಸ್ಟಿಕ್ಕರ್ ಅಂಟಿಸುವುದಿದ್ದರೆ ಗೆರೆ ಇಲ್ಲದ ಜಾಗ ನೋಡಿ ಅಂಟಿಸಿ.