ಪೈಪು ಸೋರುತ್ತಿಲ್ಲ, ಬೆವರುತ್ತಿದೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ನೇರ ಬಚ್ಚಲಿಗೇ ಬರುತ್ತದೆ. ಮಳೆಗಾಲ ಶುರುವಾದರೆ ಸಾಕು, ಫ್ಲಶ್ ಟ್ಯಾಂಕ್, ಜಿ.ಐ. ಪೈಪು ಎಲ್ಲದರ ಮೈಮೇಲೂ ಹನಿ, ಕೆಳಗೆ ನೀರು. ಪ್ಲಂಬರ್ ಎರಡು ಸಲ ವಾಷರ್ ಬದಲಿಸಿದರು. ಈಗ ಗೋಡೆ ಒಡೆದು ನೋಡೋಣ ಅನ್ನುತ್ತಾರೆ. ಒಡೆಸಲೇ?

ಉತ್ತರ: ದಯವಿಟ್ಟು ಈಗಲೇ ಒಡೆಸಬೇಡಿ. ಮೊದಲು ಹೀಗೆ ಮಾಡಿ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿನೊಳಗೆ ಬಿಟ್ಟು, ಹೊರಮೈಯನ್ನು ಚೆನ್ನಾಗಿ ಒರೆಸಿ. ಎರಡು ಗಂಟೆ ಫ್ಲಶ್ ಮಾಡದೆ ಬಿಟ್ಟು, ಬಿಳಿ ಬಟ್ಟೆಯಿಂದ ಹನಿ ಒರೆಸಿ ನೋಡಿ. ಬಟ್ಟೆ ನೀಲಿಯಾದರೆ ಸೋರಿಕೆ. ಬರೀ ಒದ್ದೆಯಾದರೆ ಅದು ಗಾಳಿಯಲ್ಲಿದ್ದ ನೀರು. ಪೈಪಿಗಾದರೆ, ಒರೆಸಿ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ. ಹನಿ ಹಾಳೆಯ ಹೊರಗೆ ಕೂತರೆ ಪೈಪಿನದ್ದೇನೂ ತಪ್ಪಿಲ್ಲ.

ಗಾಳಿ 25 ಡಿಗ್ರಿ ಇದ್ದು ತೇವ ಶೇ. 85 ಇದ್ದರೆ, ಸುಮಾರು 22 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಹನಿ ಕೂರುತ್ತದೆ. ನಿಮ್ಮ ಅಬ್ಬಿ ನೀರು ತಂಪು. ಅದರ ಜೊತೆಗೆ ಬಚ್ಚಲ ಹಂಡೆಯ ಹಬೆ ಬೇರೆ.

ಹಾಗಾಗಿ ನಾನು ಮೊದಲು ಹೇಳುವುದು ನೀರಿನ ದಾರಿ ಬದಲಿಸಿ ಎಂದು. ಅಬ್ಬಿ ನೀರನ್ನು ನೇರ ಫ್ಲಶ್‌ಗೆ ಕೊಡದೆ ಮೇಲಿನ ಟ್ಯಾಂಕಿಗೆ ಹತ್ತಿಸಿ. ಅಲ್ಲಿ ಕೆಲವು ಗಂಟೆ ನಿಂತರೆ ಅದರ ತಂಪು ಮುರಿಯುತ್ತದೆ. ಜೊತೆಗೆ ಫ್ಲಶ್ ಟ್ಯಾಂಕಿನೊಳಗೆ ಹಾಕಿದ ನೀಲಿ ಕಮೋಡಿಗೆ ಇಳಿದಿದೆಯೇ ನೋಡಿ. ಇಳಿದಿದ್ದರೆ ಒಳಗಿನ ರಬ್ಬರ್ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ನೀರು ಸದ್ದಿಲ್ಲದೆ ಇಳಿಯುತ್ತಾ, ಹೊಸ ತಣ್ಣೀರು ತುಂಬುತ್ತಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಟ್ಯಾಂಕ್ ದಿನವಿಡೀ ಬೆವರಲು ಇದೇ ಕಾರಣ.

ಪೈಪಿಗೆ, ಎ.ಸಿ. ಮೆಕ್ಯಾನಿಕ್‌ಗಳು ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ತೊಡಿಸಿ. ಪೈಪು ಪೂರ್ತಿ ಒಣಗಿದ್ದಾಗಲೇ ತೊಡಿಸಬೇಕು. ಸೀಳು, ಮೊಣಕೈ, ಸಂದು ಎಲ್ಲಕ್ಕೂ ಟೇಪ್ ಬೇಕು. ಬೆರಳಗಲ ಬಿಟ್ಟರೂ ಅಲ್ಲಿಂದ ತೇವ ಒಳಗೆ ನುಗ್ಗುತ್ತದೆ. ಗೋಣಿ, ಹಳೆ ಬಟ್ಟೆ ಮಾತ್ರ ಸುತ್ತಲೇಬೇಡಿ. ಅವು ನೀರು ಹಿಡಿದಿಟ್ಟುಕೊಂಡು ಜಿ.ಐ. ಪೈಪಿಗೆ ತುಕ್ಕು ಹಿಡಿಸುತ್ತವೆ. ಆಮೇಲೆ ಬರುವುದು ನಿಜವಾದ ಸೋರಿಕೆ.

ಸ್ನಾನವಾದ ಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಓಡಲಿ, ಹಂಡೆಯ ಮುಚ್ಚಳ ಹಾಕಿರಲಿ. ಇಷ್ಟಾದರೂ ಬಿಳಿ ಬಟ್ಟೆಗೆ ನೀಲಿ ಅಂಟಿದರೆ, ಆಗಲೂ ಗೋಡೆಗಿಂತ ಮೊದಲು ಟ್ಯಾಂಕಿನ ತಳದ ಬೋಲ್ಟುಗಳ ವಾಷರ್ ನೋಡಲು ಹೇಳಿ.