ಐರ್ಲೆಂಡಿನ ಕಡಲ ಹಳ್ಳಿ, ಟೈಡಿ ಟೌನ್ಸ್ ಸ್ಪರ್ಧೆ: ಮೂರು ತಿಂಗಳಲ್ಲಿ ಅಂಕ ಹೆಚ್ಚಿಸಿಕೊಳ್ಳುವುದು ಹೇಗೆ?

ಐರ್ಲೆಂಡಿನ ಊರುಗಳ ಅಂದ-ಶುಚಿತ್ವಕ್ಕೆ ಅಂಕ ಕೊಡುವ ಟೈಡಿ ಟೌನ್ಸ್ ಸ್ಪರ್ಧೆಯ ತೀರ್ಪುಗಾರರು ನಿಮ್ಮ ಹಳ್ಳಿಗೆ ಬರುವುದಕ್ಕೆ ಮೂರು ತಿಂಗಳಷ್ಟೇ ಉಳಿದಿದೆ. ಸಮಿತಿಯ ಅಲ್ಪಸ್ವಲ್ಪ ಹಣವನ್ನು ಹೂಬುಟ್ಟಿಗೆ ಹಾಕಬೇಕೋ, ಗೋಡೆಯ ಬಣ್ಣಕ್ಕೋ, ಕಡಲತೀರವನ್ನು ಚೊಕ್ಕಟ ಮಾಡಿಸುವುದಕ್ಕೋ ಎಂದು ಕೇಳಿದ್ದೀರಿ. 2017ರ ಮಾರ್ಚಿನಲ್ಲಿ ನಾನೂ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಮೇ ತಿಂಗಳಲ್ಲಿ ಅದಕ್ಕೆ ನಾನೇ ಒಂದು ಉತ್ತರವನ್ನು ಕಂಡುಕೊಂಡೆ. ಆ ಉತ್ತರದ ಬೆಲೆಯನ್ನು ನಮ್ಮ ಹಳ್ಳಿ ಮೂರು ಚಳಿಗಾಲ ತೆತ್ತಿತು.

ನಾನು ಕುಂದಾಪುರದ ಕಡೆಯವನು. ಕಾರ್ಕ್ ಕೌಂಟಿಯ ದಕ್ಷಿಣ ತೀರದ ಒಂದು ಪುಟ್ಟ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದದ್ದು, ನಾನು ಕೆಲಸ ಮಾಡುವ ಔಷಧ ಕಾರ್ಖಾನೆಗೆ ಅದು ಹತ್ತಿರವೆಂಬುದಕ್ಕಿಂತ ಹೆಚ್ಚಾಗಿ ಅಡುಗೆಮನೆಯ ಕಿಟಕಿಯಿಂದ ಕಡಲು ಕಾಣುತ್ತದೆ ಎಂಬ ಕಾರಣಕ್ಕೆ. ಬಂದ ಎರಡನೆಯ ತಿಂಗಳಲ್ಲಿ ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿ, ಶನಿವಾರ ಬೆಳಿಗ್ಗೆ ಬಿಡುವಿದ್ದರೆ ಬನ್ನಿ, ಕಸ ಹೆಕ್ಕಿದ ಮೇಲೆ ಚಹಾ ಇರುತ್ತದೆ ಎಂದು ಕರೆದರು. ಹೀಗೆ ನಾನು ಒಂಬತ್ತು ಜನರ ಟೈಡಿ ಟೌನ್ಸ್ ಸಮಿತಿಗೆ ಹತ್ತನೆಯವನಾದೆ. ಹೆಚ್ಚಿನವರು ನಿವೃತ್ತರು, ನನಗಿಂತ ಚಿಕ್ಕವರು ಯಾರೂ ಇರಲಿಲ್ಲ. ಆದ್ದರಿಂದ ನನ್ನ ಉತ್ಸಾಹಕ್ಕೆ ತಡೆಯೂ ಇರಲಿಲ್ಲ.

ಈ ಸ್ಪರ್ಧೆಯ ಬಗ್ಗೆ ನೀವು ಓದಿಕೊಂಡಿರಬಹುದು, ಆದರೂ ಎರಡು ಮಾತು. 1950ರ ದಶಕದಲ್ಲಿ ಪ್ರವಾಸಿಗರನ್ನು ಸೆಳೆಯಲು ನಡೆದ ‘ಅನ್ ಟೋಸ್ಟಲ್’ ಎಂಬ ಉತ್ಸವದ ಜೊತೆಗೆ ಊರೂರುಗಳನ್ನು ಶುಚಿಗೊಳಿಸುವ ಅಭಿಯಾನವೊಂದು ಶುರುವಾಯಿತು, ಅದೇ ಬೆಳೆದು 1958ರಲ್ಲಿ ಸ್ಪರ್ಧೆಯಾಯಿತು. ಮೊದಲ ವರ್ಷ ಭಾಗವಹಿಸಿದ ಊರುಗಳು 52, ಗೆದ್ದದ್ದು ಡೊನೆಗಾಲ್ ಕೌಂಟಿಯ ಗ್ಲೆಂಟೀಸ್. ಈಗ ಎಂಟುನೂರಕ್ಕೂ ಹೆಚ್ಚು ಊರುಗಳು ಅರ್ಜಿ ಹಾಕುತ್ತವೆ, ಜನಸಂಖ್ಯೆಗೆ ತಕ್ಕಂತೆ ಅವುಗಳನ್ನು ವಿಂಗಡಿಸುತ್ತಾರೆ, ತೀರ್ಪುಗಾರರು ಬೇಸಿಗೆಯಲ್ಲಿ ಯಾವುದೋ ಒಂದು ದಿನ ಹೇಳದೆ ಕೇಳದೆ ಬಂದು ಊರನ್ನು ನಡೆದು ನೋಡಿ ಹೋಗುತ್ತಾರೆ. ಅಂಕಗಳು ಎಂಟು ವಿಭಾಗಗಳಲ್ಲಿ ಹಂಚಿಹೋಗಿರುತ್ತವೆ. ಕಸವಿಲ್ಲದಿರುವುದು ಅವುಗಳಲ್ಲಿ ಒಂದು ಮಾತ್ರ, ನಿಸರ್ಗ ಮತ್ತು ಜೀವವೈವಿಧ್ಯದ್ದೇ ಇನ್ನೊಂದು. ಈ ಕೊನೆಯ ವಿಷಯವನ್ನು ನಾನು ಅರ್ಜಿಯಲ್ಲಿ ಓದಿದ್ದೆ, ಓದಿ ಪುಟ ಮಗುಚಿದ್ದೆ.

ನಾನು ಮಾಡಿದ ತಪ್ಪು ಹೊರನೋಟಕ್ಕೆ ತಪ್ಪಿನಂತೆ ಕಾಣುವಂಥದ್ದಲ್ಲ, ಹಾಗಾಗಿ ವಿವರವಾಗಿ ಹೇಳುತ್ತೇನೆ. ನಮ್ಮ ತೀರದಲ್ಲಿ ಭರತ ಇಳಿದ ಮೇಲೆ ಕಂದು ಬಣ್ಣದ ಕಡಲಪಾಚಿ ಮೊಣಕಾಲೆತ್ತರಕ್ಕೆ ಸಾಲಾಗಿ ಬಿದ್ದಿರುತ್ತಿತ್ತು. ಎರಡು ದಿನ ಬಿಸಿಲು ಬಿದ್ದರೆ ಅದು ಕೊಳೆತು ನಾರುತ್ತಿತ್ತು, ಕಾಲಿಟ್ಟರೆ ನೊಣಗಳು ಮೋಡದಂತೆ ಏಳುತ್ತಿದ್ದವು. ನಾನು ಬೆಳೆದ ಮನೆಯಲ್ಲಿ ಅಮ್ಮ ಬೆಳಕು ಹರಿಯುವ ಮೊದಲೇ ಹಿಡಿಸೂಡಿ ಹಿಡಿದು ಅಂಗಳಕ್ಕಿಳಿಯುತ್ತಿದ್ದಳು. ಒಂದೇ ಒಂದು ಹಲಸಿನೆಲೆಯೂ ಉಳಿಯದೆ, ಮಣ್ಣಿನ ಮೇಲೆ ಹಿಡಿಸೂಡಿಯ ಗೀರುಗಳಷ್ಟೇ ಅರ್ಧಚಂದ್ರಾಕಾರವಾಗಿ ಮೂಡಿದರೆ ಅಂಗಳ ಚೊಕ್ಕಟವಾಯಿತೆಂದು ಅರ್ಥ. ಗುಡಿಸಿದ ನೆಲವೇ ಶುಚಿ, ನೆಲದ ಮೇಲೆ ಬಿದ್ದದ್ದೆಲ್ಲವೂ ಕಸ ಎಂಬುದು ನನ್ನ ಕೈಗೆ ಅಂಟಿಕೊಂಡ ತಿಳಿವಳಿಕೆಯಾಗಿತ್ತು. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ವಿಮಾನದಲ್ಲಿ ಹಾರಿ ಬಂದರೂ ನಾನು ಆ ಕಡಲತೀರವನ್ನು ನಮ್ಮ ಮನೆಯ ಅಂಗಳವೆಂದೇ ನೋಡಿದೆ.

ಸಭೆಯಲ್ಲಿ ಪ್ರಸ್ತಾಪ ಇಟ್ಟೆ: ಮೇ ಕೊನೆಯ ವಾರದಲ್ಲಿ ಪಾಚಿಯನ್ನೆಲ್ಲ ಟ್ರ್ಯಾಕ್ಟರಿನಿಂದ ಎತ್ತಿಸಿ ತೀರವನ್ನು ಸಮತಟ್ಟು ಮಾಡಿಸೋಣ. ಒಬ್ಬ ರೈತರು ತಮ್ಮ ಟ್ರ್ಯಾಕ್ಟರನ್ನು ಬಿಟ್ಟಿಯಾಗಿ ಕೊಡಲು ಸಿದ್ಧರಿದ್ದರು, ಪಾಚಿಯನ್ನು ಹೊಲಕ್ಕೆ ಗೊಬ್ಬರವಾಗಿ ಒಯ್ಯುವುದಾಗಿಯೂ ಹೇಳಿದರು. ಈ ತೀರದಲ್ಲಿ ಆಲೂಗಡ್ಡೆಗೆ ಪಾಚಿ ಹಾಕುವುದು ತಲೆತಲಾಂತರದ ವಾಡಿಕೆ. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿ ‘ಗ್ರ್ಯಾಂಡ್’ ಎಂದರು. ಐರಿಷ್ ಜನರ ‘ಗ್ರ್ಯಾಂಡ್’ ಎಂಬ ಪದಕ್ಕೆ ಒಪ್ಪಿಗೆ ಎಂಬ ಅರ್ಥ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಮದುವೆ ಮನೆಯಲ್ಲಿ ಊಟ ಹೇಗಿತ್ತೆಂದು ಕೇಳಿದವರಿಗೆ ‘ಅಡ್ಡಿಲ್ಲ’ ಎನ್ನುತ್ತೇವಲ್ಲ, ಅದೇ ಧಾಟಿ. ಹೊಸಬ, ಬೇರೆ ದೇಶದಿಂದ ಬಂದವನು, ಶನಿವಾರ ತಪ್ಪದೆ ಬರುತ್ತಾನೆ, ಅವನ ಮನಸ್ಸನ್ನು ಯಾಕೆ ನೋಯಿಸಬೇಕು ಎಂದು ಒಂಬತ್ತು ಜನರೂ ಸುಮ್ಮನಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಟ್ರ್ಯಾಕ್ಟರು ತೀರಕ್ಕಿಳಿಯಲು ದಾರಿ ಬೇಕಿತ್ತು. ಕಾಲುದಾರಿ ಕಿರಿದಾಗಿತ್ತು, ಎರಡೂ ಬದಿಯಲ್ಲಿ ಮರಳದಿಬ್ಬ, ಅದರ ಮೇಲೆ ಮಾರಮ್ ಎಂಬ ಒರಟು ಹುಲ್ಲು. ಹುಲ್ಲನ್ನು ಕಡಿದು, ದಿಬ್ಬದ ಭುಜವನ್ನು ತುಸು ಕೆತ್ತಿ, ಒಂದು ಟ್ರ್ಯಾಕ್ಟರು ಸರಾಗವಾಗಿ ಹೋಗಿ ಬರುವಷ್ಟು ಅಗಲ ಮಾಡಿದೆವು. ನಾನೇ ಹಾರೆ ಹಿಡಿದು ನಿಂತಿದ್ದೆ. ಇಂಥ ಕೆಲಸಕ್ಕೆ ಯಾರನ್ನಾದರೂ ಕೇಳಬೇಕು ಎಂಬುದು ಹೊಳೆಯಲಿಲ್ಲ. ಐರ್ಲೆಂಡಿನಲ್ಲಿ ಭರತದ ಗೆರೆಯಿಂದ ಕೆಳಗಿನ ತೀರ ಸಾಮಾನ್ಯವಾಗಿ ಸರ್ಕಾರದ ಸ್ವತ್ತು, ಅಲ್ಲಿ ಯಂತ್ರ ಇಳಿಸುವ ಮೊದಲು ಕೌಂಟಿ ಕೌನ್ಸಿಲನ್ನು, ಅಂದರೆ ಸ್ಥಳೀಯ ಆಡಳಿತವನ್ನು, ವಿಚಾರಿಸುವುದು ಕನಿಷ್ಠ ಮರ್ಯಾದೆ. ಸಂಜೆಯ ಹೊತ್ತಿಗೆ ತೀರ ಹಿಟ್ಟು ಜರಡಿ ಹಿಡಿದಂತೆ ಕಾಣುತ್ತಿತ್ತು. ಫೋಟೋ ತೆಗೆದು ಅಮ್ಮನಿಗೆ ಕಳುಹಿಸಿದೆ.

ಎರಡು ದಿನದ ನಂತರ ಸಮಿತಿಯ ನಿವೃತ್ತ ಶಿಕ್ಷಕಿಯೊಬ್ಬರು ನನ್ನನ್ನು ತೀರಕ್ಕೆ ಕರೆದೊಯ್ದರು. ಪಾಚಿಯ ಸಾಲಿಗೂ ಮರಳದಿಬ್ಬಕ್ಕೂ ನಡುವೆ ಬೆಣಚುಕಲ್ಲುಗಳು ಹರಡಿದ ಒಂದು ಪಟ್ಟಿ ಇದೆ. ಅಲ್ಲಿ ಕೊರಳಿಗೆ ಕಪ್ಪು ಪಟ್ಟಿಯಿರುವ, ಗುಬ್ಬಿಗಿಂತ ತುಸು ದೊಡ್ಡದಾದ ಹಕ್ಕಿಯೊಂದು ನಾಲ್ಕು ಹೆಜ್ಜೆ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡಿ ಬಂದು ಟ್ರ್ಯಾಕ್ಟರಿನ ಗಾಲಿಯ ಗುರುತಿನ ಮೇಲೆ ನಿಲ್ಲುತ್ತಿತ್ತು. ರಿಂಗ್ಡ್ ಪ್ಲವರ್ ಎಂದು ಅವರು ಹೆಸರು ಹೇಳಿದರು. ಅದು ಗೂಡು ಕಟ್ಟುವುದಿಲ್ಲ, ಕಲ್ಲುಗಳ ನಡುವೆ ಅಂಗೈಯಷ್ಟು ಗುಳಿ ಕೆದರಿ ಅದರಲ್ಲೇ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ, ಮೊಟ್ಟೆಯ ಬಣ್ಣವೂ ಕಲ್ಲಿನದೇ. ಹತ್ತು ಹೆಜ್ಜೆ ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಗಾಲಿಯ ಗುರುತಿನಲ್ಲಿ ಹಳದಿ ಕಲೆಯೊಂದು ಒಣಗಿ, ಅದಕ್ಕೆ ಮರಳು ಅಂಟಿಕೊಂಡಿತ್ತು. ನಾನು ಏನೋ ಹೇಳಲು ಹೋದೆ. ಅವರು ತಡೆದು, “ನಿಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಆದರೂ ನಾವು ಹೇಳಲಿಲ್ಲ” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು. ಆ ವರ್ಷ ಗೆದ್ದದ್ದು ಟಿಪರರಿ ಕೌಂಟಿಯ ಬರ್ಡ್‌ಹಿಲ್, ಕಡಲಿನ ಸುಳಿವೇ ಇಲ್ಲದ ಒಂದು ಚಿಕ್ಕ ಹಳ್ಳಿ. ನಮಗೆ ಹಿಂದಿನ ವರ್ಷಕ್ಕಿಂತ ಒಂದು ಅಂಕ ಕಡಿಮೆಯಾಗಿತ್ತು. ಪ್ರತಿ ವರ್ಷ ಒಂದೆರಡು ಅಂಕ ಏರುತ್ತಲೇ ಬಂದಿದ್ದ ಊರಿಗೆ ಅದು ಸಣ್ಣ ಅವಮಾನವಲ್ಲ. ಕಡಲಂಚಿನ ಪಾಚಿಯನ್ನು ಯಂತ್ರದಿಂದ ತೆಗೆದಿರುವುದನ್ನೂ ದಿಬ್ಬದ ಹುಲ್ಲು ಕಡಿದಿರುವುದನ್ನೂ ತೀರ್ಪುಗಾರರು ಗಮನಿಸಿದ್ದರು, ಇದನ್ನು ಮರುಪರಿಶೀಲಿಸಬೇಕೆಂದು ಬಹಳ ಸೌಜನ್ಯದಿಂದ ಬರೆದಿದ್ದರು. ಆ ವರದಿಗಳನ್ನು ಯಾರು ಬೇಕಾದರೂ ಓದಬಹುದು ಎಂಬುದು ನಿಮಗೆ ಗೊತ್ತಿರಲಿ. ಕಾರ್ಖಾನೆಯ ನನ್ನ ಸಹೋದ್ಯೋಗಿಗಳೂ ಓದಿದರು.

ಅಂಕದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಕ್ಟೋಬರ್ 16ರಂದು ಒಫೀಲಿಯಾ ಚಂಡಮಾರುತ ದಕ್ಷಿಣ ತೀರಕ್ಕೆ ಅಪ್ಪಳಿಸಿತು. ಫಾಸ್ಟ್‌ನೆಟ್ ದೀಪಸ್ತಂಭದ ಬಳಿ ಗಾಳಿಯ ವೇಗ ಗಂಟೆಗೆ 191 ಕಿಲೋಮೀಟರ್ ದಾಖಲಾದ ದಿನ ಅದು. ಮರುದಿನ ಹೋಗಿ ನೋಡಿದರೆ ದಿಬ್ಬದ ಉಳಿದ ಭಾಗ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ನಾವು ಹುಲ್ಲು ಕಡಿದು ದಾರಿ ಮಾಡಿದ್ದ ಜಾಗದಲ್ಲಿ ಮಾತ್ರ ಗಾಳಿ ಹೊಕ್ಕು, ಬಾಯಿ ಅಗಲಿಸಿ, ಒಳಗಿನ ಮರಳನ್ನೆಲ್ಲ ಬಗೆದು ರಸ್ತೆಗೆ ಸುರಿದಿತ್ತು. ಹಿಂದಿನ ಕಾರ್ ಪಾರ್ಕಿನಲ್ಲಿ ಮರಳು ಕಣಕಾಲು ಮುಳುಗುವಷ್ಟಿತ್ತು.

ಇದರ ಹಿಂದಿನ ಲೆಕ್ಕ ಸರಳ. ಮಾರಮ್ ಹುಲ್ಲು ಮರಳಿನಲ್ಲಿ ಹೂತಷ್ಟೂ ಹುರುಪಿನಿಂದ ಮೇಲಕ್ಕೆ ಬೆಳೆಯುತ್ತದೆ, ಅದರ ಬೇರು ಮರಳನ್ನು ಹಿಡಿದಿಡುತ್ತದೆ. ಆದರೆ ಕಾಲ್ತುಳಿತವನ್ನು ಅದು ಸಹಿಸುವುದಿಲ್ಲ, ಗಾಲಿಯನ್ನಂತೂ ಕೇಳುವುದೇ ಬೇಡ. ಪಾಚಿಯ ಸಾಲು ಕೂಡ ಸುಮ್ಮನೆ ಬಿದ್ದಿರುವುದಲ್ಲ. ಗಾಳಿ ತರುವ ಮರಳು ಮೊದಲು ತಡೆದು ನಿಲ್ಲುವುದು ಅಲ್ಲಿ, ಅದು ಕೊಳೆತು ಕೊಟ್ಟ ಸಾರದಲ್ಲಿ ಮೊದಲ ಗಿಡಗಳು ಮೊಳೆಯುತ್ತವೆ, ಮುಂದೆ ಅಲ್ಲೇ ಹೊಸ ದಿಬ್ಬ ಏಳುತ್ತದೆ. ನನಗೆ ಅಸಹ್ಯವೆನಿಸಿದ ಆ ನೊಣ ಮತ್ತು ಮರಳಹುಳಗಳೇ ಹಕ್ಕಿಗಳ ಊಟ. ನಾನು ಅಡಿಪಾಯವನ್ನು ಕಸವೆಂದು ಗುಡಿಸಿದ್ದೆ. ನಾಚಿಕೆಯ ಮಾತೆಂದರೆ ಇದು ನನಗೆ ಗೊತ್ತಿರಬೇಕಾದ ಸಂಗತಿ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ; ಆ ರಸ್ತೆಯನ್ನು ಉಳಿಸಿಕೊಳ್ಳಲು ಲಾರಿಗಟ್ಟಲೆ ಬಂಡೆ ಸುರಿಯುವುದನ್ನು ನೋಡುತ್ತಲೇ ನಾನು ಬೆಳೆದವನು. ಆಡಿನ ಗೊರಸಿನಂಥ ಎಲೆ, ನೇರಳೆ ಹೂವಿನ ಅಡುಂಬು ಬಳ್ಳಿ ನಮ್ಮ ತೀರದಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಮಾರಮ್ ಹುಲ್ಲು ಮಾಡುತ್ತದೆ. ಎರಡನ್ನೂ ನೋಡಿದ್ದೆ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ.

ಆ ಬಾಯಿಯನ್ನು ಮುಚ್ಚಲು ಕೌನ್ಸಿಲಿನ ಸಹಾಯದಿಂದ ಮರದ ಪಟ್ಟಿಗಳ ಬೇಲಿ ಹಾಕಿ, ಅದರ ಬುಡದಲ್ಲಿ ಮರಳು ಕೂರುವುದನ್ನು ಕಾದು, ಪ್ರತಿ ಚಳಿಗಾಲ ಮಾರಮ್ ಕಂತೆಗಳನ್ನು ನೆಟ್ಟೆವು. ಮೂರನೆಯ ವರ್ಷ ಹುಲ್ಲು ಬೇಲಿಯ ತಲೆ ದಾಟಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರು ತಿಂಗಳಲ್ಲಿ ಅಂಕ ಹೆಚ್ಚಿಸುವುದು ಹೇಗೆ ಎಂದು ಕೇಳುವುದನ್ನೇ ಬಿಡಿ. ಹೊಸದಾಗಿ ಸೇರಿದವರು ಮೊದಲ ವರ್ಷ ಯಾವ ಪ್ರಸ್ತಾಪವನ್ನೂ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಕಟುವಾಗಿ ಕೇಳಿಸಿದರೂ ಬದಲಾಯಿಸುವುದಿಲ್ಲ. ನಿಮ್ಮ ಹಳ್ಳಿಯ ಹಿಂದಿನ ಐದು ವರ್ಷಗಳ ವರದಿಗಳನ್ನು ಕೂತು ಓದಿ, ಪದೇ ಪದೇ ಬರುವ ದೂರು ಯಾವುದೆಂದು ಗುರುತು ಹಾಕಿಕೊಳ್ಳಿ, ಅದನ್ನು ಸಮಿತಿಯ ಅತ್ಯಂತ ಹಳೆಯ ಸದಸ್ಯರ ಬಳಿ ಒಬ್ಬರೇ ಇದ್ದಾಗ ಕೇಳಿ. ಸಭೆಯಲ್ಲಿ ಕೇಳಿದರೆ ಮತ್ತೆ ‘ಗ್ರ್ಯಾಂಡ್’ ಎಂಬ ಉತ್ತರವೇ ಸಿಗುತ್ತದೆ.

ಹೂಬುಟ್ಟಿಗಳಿಗೆ ನನ್ನ ವಿರೋಧವಿದೆ. ಕಡಲಿನ ಉಪ್ಪುಗಾಳಿಗೆ ಪೆಟೂನಿಯಾ ಜುಲೈ ಹೊತ್ತಿಗೆ ಸುಟ್ಟ ಕಾಗದದಂತಾಗುತ್ತದೆ. ಕಲ್ಲುಗೋಡೆಯ ಸಂದುಗಳಲ್ಲಿ ತಾನಾಗಿ ಬೆಳೆಯುವ ಸೀ ಥ್ರಿಫ್ಟ್ ಎಂಬ ಕಡಲತೀರದ ಗಿಡದ ಗುಲಾಬಿ ಬಣ್ಣದ ಹೂವಿಗೆ ನೀರೂ ಬೇಡ, ಹಣವೂ ಬೇಡ, ಕಳೆನಾಶಕವನ್ನು ಮಾತ್ರ ಯಾರೂ ಹೊಡೆಯದಂತೆ ನೋಡಿಕೊಳ್ಳಬೇಕು. ಬೇಲಿಗಿಡಗಳನ್ನು ಈಗ ಕತ್ತರಿಸಿ ನೀಟು ಮಾಡುವ ಯೋಚನೆಯಿದ್ದರೆ ಅದನ್ನೂ ಕೈಬಿಡಿ. ಹಕ್ಕಿಗಳು ಮರಿ ಮಾಡುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಇಲ್ಲಿನ ಕಾನೂನು ಅದನ್ನು ತಡೆಯುತ್ತದೆ. ರಸ್ತೆ ಬದಿಯ ಹುಲ್ಲನ್ನೂ ಹೂ ಮುಗಿಯುವವರೆಗೆ ಬಿಡಿ. ಈ ದ್ವೀಪದ ಜೇನ್ನೊಣ ಜಾತಿಗಳಲ್ಲಿ ಮೂರರಲ್ಲೊಂದು ಅಳಿವಿನ ಅಂಚಿನಲ್ಲಿದೆ, ಪರಾಗಸ್ಪರ್ಶಿ ಕೀಟಗಳಿಗಾಗಿ 2015ರಲ್ಲಿ ಶುರುವಾದ ಯೋಜನೆ ಮೊದಲು ಹೇಳುವುದೇ ಕಡಿಮೆ ಕತ್ತರಿಸಿ ಎಂದು. ಗೋಡೆಗೆ ಬಣ್ಣ ಬಳಿಯುವವರು ಬಳಿಯಲಿ, ಅದರಿಂದ ಕೆಡುಕಿಲ್ಲ.

ಕಡಲತೀರದಲ್ಲಿ ಕೈಯಿಂದ ಹೆಕ್ಕಬಹುದಾದದ್ದನ್ನು ಮಾತ್ರ ಹೆಕ್ಕಿ, ಪಾಚಿಯನ್ನು ಮುಟ್ಟಬೇಡಿ, ಪಾಚಿಯೊಳಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನು ಬಿಡಿಸಿ ತೆಗೆಯಿರಿ. 2024ರ ಫೆಬ್ರುವರಿಯಿಂದ ಪ್ಲಾಸ್ಟಿಕ್ ಬಾಟಲಿ ವಾಪಸು ಕೊಟ್ಟರೆ 15 ಅಥವಾ 25 ಸೆಂಟ್ ಸಿಗುವಂತಾದ ಮೇಲೆ ನಮ್ಮ ತೀರದಲ್ಲಿ ಬಾಟಲಿಗಳು ಅಪರೂಪವಾಗಿವೆ. ಈಗ ಹೆಚ್ಚು ಸಿಗುವುದು ಮೀನುಬಲೆಯ ನೀಲಿ ಹಗ್ಗದ, ಬೆರಳುದ್ದದ ಎಳೆಗಳು. ತೋಟದ ದಪ್ಪ ಕೈಗವಸು ಹಾಕಿಕೊಂಡರೆ ಅವು ಹಿಡಿತಕ್ಕೆ ಬರುವುದಿಲ್ಲ. ತೆಳ್ಳಗಿನ ರಬ್ಬರಿನವು ಒಂದು ಜೊತೆ ಜೇಬಿನಲ್ಲಿರಲಿ, ಭರತ ಇಳಿಯಲು ಶುರುವಾದ ಮೇಲೆ ಹೊರಡಿ, ಬೆಣಚುಕಲ್ಲಿನ ಪಟ್ಟಿಯ ಮೇಲೆ ಆಗಸ್ಟ್ ಕಳೆಯುವವರೆಗೆ ಕಾಲಿಡಬೇಡಿ.