ಪ್ರತಿ: ಬೆಳಿಗ್ಗೆ ಮಾತ್ರ ಬಿಸಿಲು ಬರೋ ಬಾಲ್ಕನೀಲಿ ಏನ್ ಬೆಳೀಬಹುದು?
ಬಾಲ್ಕನಿಗೆ ಬೆಳಿಗ್ಗೆ ಮೂರ್ನಾಲ್ಕು ಗಂಟೆ ಬಿಸಿಲಷ್ಟೇ, ಟೊಮೆಟೊ ಹೂ ಉದುರ್ತಿದೆ, ಬಾಡಿಗೆ ಮನೆ ಬೇರೆ ಅಂದ್ರಲ್ಲ, ಸದ್ಯಕ್ಕೆ ಟೊಮೆಟೊ ಬಿಡಿ ಸರ್, ಅದಕ್ಕೆ ಆರು ಗಂಟೆಯಾದ್ರೂ ನೇರ ಬಿಸಿಲು ಬೇಕು. ನಿಮ್ ಜಾಗಕ್ಕೆ ಸೊಪ್ಪೇ ಸರಿ. ಬಸಳೆಗೆ ಬೀಜಾನೂ ಬೇಡ, ಮಾರ್ಕೆಟಿಂದ ತಂದ ಕಟ್ಟಲ್ಲಿ ಬಲಿತ ದಂಟು ಆರಿಸಿ, ಎಲೆ ಸಾಂಬಾರಿಗೆ ಹಾಕ್ಕೊಂಡು ದಂಟನ್ನ ಗೇಣುದ್ದ ಕತ್ತರಿಸಿ ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಡಿ, ಚಿಗುರಿದ ಮೇಲೆ ಗ್ರಿಲ್‌ಗೆ ಹಬ್ಬಿಸಿ, ತುದಿ ಚಿವುಟಿದಷ್ಟೂ ಕವಲೊಡೆಯುತ್ತೆ. ಹೊನಗೊನ್ನೆ, ದೊಡ್ಡಪತ್ರೆನೂ ಹೀಗೇ ಕಡ್ಡಿಯಿಂದ ಬರುತ್ತೆ. ಮೆಂತ್ಯ ಅಡುಗೆಮನೆ ಡಬ್ಬೀದೇ ಸಾಕು, ರಾತ್ರಿ ನೆನೆಸಿ ಅಗಲ ಟ್ರೇಲಿ ಉದುರಿಸಿ, ಸುಮಾರು 25 ದಿನಕ್ಕೆ ಕೀಳಬಹುದು. ಮಣ್ಣಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡ್ಬೇಡಿ ದಯವಿಟ್ಟು, ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಹಾಕಿ, ಬರೀ ಮಣ್ಣಾದ್ರೆ ಗಟ್ಟಿಯಾಗಿ ಬೇರಿಗೆ ಗಾಳಿನೇ ಆಡಲ್ಲ, ಬಾಲ್ಕನಿಗೂ ಭಾರ. ಮುಂದೆ ಓನರ್ ಟೆರೇಸ್ ಕೊಟ್ರೆ ಅರ್ಕಾ ರಕ್ಷಕ್ ಟೊಮೆಟೊ ಹಾಕಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆದು, ಎಲೆ ಮುರುಟು, ಸೊರಗು ರೋಗ ಎರಡನ್ನೂ ತಡ್ಕೊಳ್ಳುತ್ತೆ. ಬಸಳೆ ಈ ವಾರವೇ ನೆಟ್ಟುಬಿಡಿ.